ಉಸ್ತಾದನ ಹುಕುಂ

ಮಗಳ ಮದುವೆಯ ಸೀರೆ ಮಗ್ಗದ ಮೇಲೆ ಮುಗಿದು ಕೂತಿತ್ತು, ಮನೆಯ ಯಜಮಾನರು ಮಾತ್ರ ಅದನ್ನು ಕೊಯ್ದು ಇಳಿಸಲೊಲ್ಲರು. ಎಂಬತ್ತೈದನೆಯ ಇಸವಿಯ ಮಳೆಗಾಲದ ಮಾತಿದು. ಮೊಹರಂ ಚಂದ್ರ ಕಾಣುವುದರೊಳಗೆ ನಿಕಾಹ್ ಆಗಬೇಕು, ಕಂಡ ಮೇಲೆ ಆ ತಿಂಗಳು ಮದುವೆಯ ಮಾತೇ ಇಲ್ಲ. ಶುಕ್ರವಾರ ಎಂದು ಗೊತ್ತಾಗಿತ್ತು. ಅವತ್ತು ಸೋಮವಾರ. ಭಾಗ್ಯನಗರದ ನಮ್ಮ ಓಣಿಯ ಅರ್ಧ ಹೆಣ್ಣುಮಕ್ಕಳು ಇವರು ನೇಯ್ದ ಸೀರೆ ಉಟ್ಟುಕೊಂಡೇ ಗಂಡನ ಮನೆಗೆ ಹೋದವರು. ಈಗ ಸ್ವಂತ ಮಗಳು ಮೆಹಬೂಬಬೀ ಅಂಗಡಿಯ ಸೀರೆ ಉಡಬೇಕೇ?

“ಕೊಯ್ರಿ ಅಂದ್ರ ಕೊಯ್ರಿ,” ಅಂದೆ.

“ಉಸ್ತಾದನ ಹುಕುಂ ಇಲ್ದ ಹೆಂಗ ಕೊಯ್ಯಲಿ?”

“ಯಾವ ಉಸ್ತಾದ? ಅವನ ಹೆಸರು ಗೊತ್ತೈತೇನು? ಊರು ಗೊತ್ತೈತೇನು? ಗಂಡಸೋ ಹೆಂಗಸೋ, ಅದರ ಗೊತ್ತೈತೇನು?”

“ಗೊತ್ತಿಲ್ಲ. ಅದಕ್ಕ ಹುಡುಕಬೇಕು ಅಂತೀನಿ.”

ನೋಡಿ ಇದು. ಗಂಡನ ಹೆಸರು ಹೆಂಡತಿ ಹೇಳಬಾರದು ಅಂತಾರೆ, ಆದರೆ ಇಂಥ ಗಂಡನ ಕಥೆಯನ್ನು ಹೆಸರಿಲ್ಲದೆ ಹೇಳುವುದು ಹೇಗೆ? ಅಮೀನಸಾಬ. ನಾನು ಶಾಹಜಾದಬಿ. ಇವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ, ನಾನು ದನಿ ಇಳಿಸಿದ್ದನ್ನು ಇವರು ಕೇಳಿಲ್ಲ. ಹಾಗೇ ಸಂಸಾರ ನಡೆದಿತ್ತು.

ಹುಕುಂ ಅಂದರೆ ಏನು ಎಂದು ಹೇಳಬೇಕು. ನಮ್ಮ ಮಾವನ ಕಾಲದಿಂದ ಓಣಿಯಲ್ಲಿ ಒಂದು ನಡಾವಳಿ ಇತ್ತು. ಇನ್ನೊಬ್ಬ ಕಟ್ಟಿದ ನಕ್ಷೆಯನ್ನು ನೀವು ಮೊದಲ ಸಲ ನೇಯ್ದರೆ, ಆ ಸೀರೆ ಕೊಯ್ಯುವ ಮೊದಲು ನಕ್ಷೆಯ ಧಣಿಯನ್ನು ಮಗ್ಗದ ಹತ್ತಿರ ಕರೆಯಬೇಕು. ಅವನು ಬಟ್ಟೆಯ ಮೇಲೆ ಅಂಗೈ ಇಟ್ಟು “ಕೊಯ್ಯಿ” ಅನ್ನಬೇಕು. ನೀವು ಅವನ ಬಾಯಿಗೆ ಸಕ್ಕರೆ ಹಾಕಬೇಕು. ಅವನು ತೀರಿಕೊಂಡಿದ್ದರೆ ಅವನ ಹೆಂಡತಿ, ಮಗ, ಯಾರಾದರೂ ಆದೀತು. ಕೇಳದೆ ಕೊಯ್ದರೆ ಕದ್ದ ಸೀರೆ ಆಗುತ್ತದೆ, ಉಟ್ಟವಳಿಗೆ ಬರಕತ್ತು ಇರುವುದಿಲ್ಲ. ಈಗಿನ ಹುಡುಗರು ನಗುತ್ತಾರೆ. ಆಗ ಯಾರೂ ನಗುತ್ತಿರಲಿಲ್ಲ, ನಾನೂ ನಕ್ಕಿರಲಿಲ್ಲ, ನನ್ನ ಮಗಳ ಸೀರೆಗೇ ಅದು ಅಡ್ಡ ಬಂದು ಕೂರುವವರೆಗೆ.

ಈ ನಕ್ಷೆ ಸಿಕ್ಕಿದ್ದು ಗಂಗಾವತಿಯಲ್ಲಿ, ರದ್ದಿ ಅಂಗಡಿಯಲ್ಲಿ.

ನಮ್ಮ ಕುಣಿಮಗ್ಗದ ನೆತ್ತಿಯ ಮೇಲೆ ಒಂದು ಸಣ್ಣ ಜಕಾರ್ಡು ಇತ್ತು, ದಡಿಗೆ ಮಾತ್ರ. ದಪ್ಪ ಕಾಗದದ ಪಟ್ಟಿಗಳಿಗೆ ತೂತು ಹೊಡೆದು, ಸರದ ಹಾಗೆ ಹೊಲಿದು, ಅದಕ್ಕೆ ತೊಡಿಸುತ್ತಾರೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಅಷ್ಟೇ. ಹೂವಾಗಲಿ, ಗಿಳಿಯಾಗಲಿ, ಗೋಪುರವಾಗಲಿ, ಎಲ್ಲವೂ ಉಂಟು ಮತ್ತು ಇಲ್ಲ ಎಂಬ ಎರಡೇ ಮಾತಿನಲ್ಲಿ ಆಗಬೇಕು. ಆ ದಪ್ಪ ಕಾಗದ ಹುಡುಕಿಕೊಂಡು ಹಿಂದಿನ ವರ್ಷ ನಾವಿಬ್ಬರೂ ಗಂಗಾವತಿಗೆ ಹೋಗಿದ್ದೆವು. ಅಕ್ಕಿ ಗಿರಣಿಗಳ ಹಿಂದೆ ಮಕ್ಬುಲಸಾಬರ ರದ್ದಿ ಅಂಗಡಿ. ಒಳಗೆ ಕತ್ತಲೆ, ಹೊಟ್ಟಿನ ಧೂಳು. ಮೂಲೆಯಲ್ಲಿ ಗೋಣಿಚೀಲಗಳ ತುಂಬ ಕಟ್ಟುಕಟ್ಟು ಕಾರ್ಡು. ಕೈಯಷ್ಟು ಉದ್ದ, ಎಲ್ಲ ಒಂದೇ ಅಳತೆ, ಒಂದೊಂದರಲ್ಲೂ ಎಳ್ಳಿನಂಥ ಉದ್ದುದ್ದ ತೂತು.

ಇವರು ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಹಿಡಿದವರು ಹಿಡಿದೇ ನಿಂತರು.

“ಶಾಜಾದಿ, ಇದು ಯಾವನೋ ನೇಕಾರಂದು,” ಅಂದರು.

ಅಷ್ಟರಲ್ಲಿ ಇವರ ಕೈ ತಾಗಿ ಒಂದು ಕಟ್ಟಿನ ದಾರ ಹರಿದು ಕಾರ್ಡೆಲ್ಲ ನೆಲಕ್ಕೆ ಚೆಲ್ಲಿದವು. “ಬಿಡ್ರಿ, ರದ್ದಿ ಐತಿ, ಹಂಗ ಚೀಲಕ್ಕ ತುಂಬ್ರಿ,” ಅಂದರು ಮಕ್ಬುಲಸಾಬರು. ಇವರು ಬಿಡಲಿಲ್ಲ. ಉಳಿದ ಕಟ್ಟುಗಳ ಪಕ್ಕೆಯನ್ನು ನೋಡಿದರು. ಪ್ರತಿ ಕಟ್ಟಿನ ಪಕ್ಕೆಯ ಮೇಲೂ ಯಾರೋ ಕೆಂಪು ಮಸಿಯಿಂದ ಒಂದು ಓರೆಗೆರೆ ಎಳೆದಿದ್ದರು, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ. ಕಾರ್ಡು ಕಲೆತುಹೋದರೆ ಆ ಗೆರೆ ಮುರಿಯುತ್ತದೆ, ಗೆರೆ ಕೂಡಿಸಿದರೆ ಕಾರ್ಡು ಸಾಲಿಗೆ ಬರುತ್ತವೆ. ಇವರು ನೆಲದ ಮೇಲೆ ಕೂತು ಗೆರೆ ಕೂಡಿಸತೊಡಗಿದರು. ಮಧ್ಯಾಹ್ನದ ಬಸ್ಸು ಹೋಯಿತು. ನಾನು ಬಾಯಿಗೆ ಬಂದಂತೆ ಬೈದೆ.

“ಎಷ್ಟು ಜ್ವಾಪಾನ ಮಾಡ್ಯಾನ ನೋಡ,” ಅಂದರು ಇವರು, ನನ್ನ ಬೈಗುಳ ಕಿವಿಗೇ ಬೀಳದವರಂತೆ. “ಒಂದು ಹಿಂದ ಮುಂದ ಆದ್ರ ನಕ್ಷಾ ಕೆಡ್ತೈತಿ ಅಂತ ಅಂಜ್ಯಾನ. ನಾವು ಅಂಜಿದಂಗ.”

ಇವು ಎಲ್ಲಿಯವು ಎಂದು ಕೇಳಿದ್ದಕ್ಕೆ ಮಕ್ಬುಲಸಾಬರು “ಯಾವುದೋ ಆಫೀಸಿಂದು” ಅಂದರು. ಸರಕಾರಿ ಮಗ್ಗದ ಆಫೀಸು ಇರಬೇಕು ಎಂದು ಇವರು ತೀರ್ಮಾನ ಮಾಡಿಬಿಟ್ಟರು. ಕಾರ್ಡಿನ ಮೇಲೆಲ್ಲ ಸಣ್ಣ ಇಂಗ್ಲಿಷ್ ಅಂಕಿಗಳು ಅಚ್ಚಾಗಿದ್ದವು, ಆದರೆ ಎಲ್ಲ ಕಾರ್ಡಿನಲ್ಲೂ ಒಂದೇ ಥರ. ಕಂಪನಿಯ ಗುರುತು ಅಂದುಕೊಂಡೆವು. ನೇಕಾರನ ಕಣ್ಣಿಗೆ ತೂತು ಕಂಡರೆ ಎಳೆಯೇ ಕಾಣುತ್ತದೆ, ಬೇರೆ ಏನು ಕಾಣಬೇಕು? ದಪ್ಪ ಕಾಗದಕ್ಕೆ ಹೋದವರು ಗೋಣಿಚೀಲ ಹೊತ್ತುಕೊಂಡು ಬಂದೆವು.

ಆ ಚಳಿಗಾಲವೆಲ್ಲ ನಕಲು ಮಾಡಿದ್ದೇ ಮಾಡಿದ್ದು. ಅವರ ಕಾರ್ಡು ನಮ್ಮ ಯಂತ್ರಕ್ಕೆ ಕೂರುವಂಥದ್ದಲ್ಲ, ಆದ್ದರಿಂದ ತೂತು ನೋಡಿ ನೋಡಿ ನಮ್ಮ ಪಟ್ಟಿಗೆ ಹೊಡೆಯಬೇಕು. ಅವರ ಕಾರ್ಡಿನ ಎಡಗಡೆ ಮಾತ್ರ ತೂತು, ಬಲಗಡೆ ಖಾಲಿ. ಹೀಗಾಗಿ ನಮ್ಮ ದಡಿಯ ಅಗಲಕ್ಕೆ ಸರಿಯಾಗಿ ಹಿಡಿಸಿತು. ನಾನು ಕಾರ್ಡು ಹಿಡಿದು ಕೂಗುವುದು: “ಮೊದಲನೇ ಸಾಲು ಆರು, ಎರಡನೇದು ಮೂರು, ಮೂರನೇದು ನಾಕು, ನಾಕನೇದು ಏಳು.” ಇವರು ಹೊಡೆಯುವುದು. ಮೆಹಬೂಬಬೀ ಹೊಲಿಯುವುದು. ರೊಟ್ಟಿ ಬಡಿಯುವಾಗಲೂ ನನ್ನ ಬಾಯಲ್ಲಿ ಅದೇ ಅಂಕಿ. ಕನಸಿನಲ್ಲಿಯೂ ಕೂಗುತ್ತಿದ್ದೆನಂತೆ. “ಈ ಉಸ್ತಾದ ನನ್ನ ಕೈಗೆ ಸಿಗಲಿ, ಹಿಟ್ಟಿನ ಕೈಲೇ ಒಂದು ಕೊಡ್ತೀನಿ,” ಎಂದು ಮಗಳ ಎದುರು ಅಂದದ್ದು ಉಂಟು.

ಮದುವೆ ಗೊತ್ತಾದ ಮೇಲೆ, ಮೆಹಬೂಬಬೀಯ ಸೀರೆಗೇ ಈ ದಡಿ ಎಂದು ಇವರು ಹಟ ಹಿಡಿದರು. ಕೆಂಪು ರೇಷ್ಮೆಯ ದಡಿ, ಅದರ ಮೇಲೆ ಬಿಳಿ ಎಳೆಯ ನಕ್ಷೆ. ಒಂದೊಂದು ಕಾರ್ಡಿಗೆ ಲಾಳಿ ನಾಕಾರು ಸಲ ಹೋಗಿಬರುವ ಲೆಕ್ಕ. ನೇಯ್ಗೆ ಮೊಳದಷ್ಟು ಆದ ದಿನ ಇವರು ನನ್ನನ್ನು ಒಲೆಯ ಮುಂದಿನಿಂದ ಕರೆದರು.

ನಾನು ಹುಟ್ಟಿದಾಗಿನಿಂದ ದಡಿ ನೋಡಿದವಳು. ತೊಟ್ಟಿಲಲ್ಲಿ ಮಲಗಿದಾಗಲೇ ಲಾಳಿಯ ಸದ್ದು ಕೇಳಿದವಳು. ಇಂಥದ್ದನ್ನು ಕಂಡಿರಲಿಲ್ಲ. ಅಂಚಿಗೆ ಒಂದು ಗೆರೆ ಅಲುಗದೆ ನೇರ ಹೋಗಿತ್ತು. ಅದರ ಪಕ್ಕದಲ್ಲಿ ಒಂದು ಓರೆಗೆರೆ, ಒಂದೊಂದೇ ಎಳೆ ದಾಟುತ್ತ ಆ ತುದಿ ಮುಟ್ಟುವುದು, ಮತ್ತೆ ಈ ತುದಿಯಿಂದ ಶುರು. ಅವೆರಡು ಸರಿ, ಯಾವ ನೇಕಾರನಾದರೂ ಮಾಡಿಯಾನು. ಮೂರನೆಯದು ಮಾತ್ರ ತೂಗುತ್ತಿತ್ತು. ಬಹಳ ಹೊತ್ತು ಒಂದೇ ಕಡೆ ನಿಲ್ಲುವುದು, ಆಮೇಲೆ ಸರಸರ ಬಲಕ್ಕೆ ಸರಿಯುವುದು, ಅಲ್ಲಿ ತಡವರಿಸುವುದು, ಹಿಂದೆ ಬಂದಂತೆ ಮಾಡಿ ಮತ್ತೆ ಮುಂದೆ ಹೋಗುವುದು, ಕೊನೆಗೆ ನಿಧಾನ, ಅತಿ ನಿಧಾನ, ಎಡಕ್ಕೆ ಇಳಿಯುವುದು. ಅದರ ಪಕ್ಕದಲ್ಲಿ ನಾಲ್ಕನೆಯದು, ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆ. ಮತ್ತೆ ಮೂರನೆಯದು ಸರಿಯತೊಡಗುವುದು, ಆದರೆ ಮೊದಲಿನಂತೆ ಅಲ್ಲ.

“ಎಲ್ಲಿ ತಿರುಗಿ ಬರ್ತೈತಿ ಇದು?” ಅಂದೆ. ನಕ್ಷೆ ಅಂದ ಮೇಲೆ ಎಲ್ಲಿಯೋ ಒಂದು ಕಡೆ ಮುಗಿದು ಮೊದಲಿನಿಂದ ಶುರುವಾಗಬೇಕಲ್ಲ.

“ಬರೂದಿಲ್ಲ,” ಅಂದರು ಇವರು. “ಬರಬಹುದು ಬರಬಹುದು ಅಂತ ಕಾಯಾಕತ್ತೀನಿ. ಬಂದಂಗ ಆಗ್ತೈತಿ, ಬರೂದಿಲ್ಲ. ಒಂದರಂಗ ಇನ್ನೊಂದಿಲ್ಲ, ಆದ್ರೂ ಎಲ್ಲಾ ಒಬ್ಬನ ಕೈಯಿಂದು. ಯಾ ಅಲ್ಲಾ, ಎಂಥಾ ತಲಿ ಇರಬೇಕು ಅದು!”

ಬೈಯಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ, ಸಿಗಲಿಲ್ಲ.

ಒಂದು ಕಡೆ ಮಾತ್ರ ಒಂದು ಚುಕ್ಕೆ ತನ್ನ ಜಾಗ ಬಿಟ್ಟು ದೂರ ಹೋಗಿ ಕೂತಿತ್ತು. ತಪ್ಪಾಗಿರಬೇಕು ಅಂದೆ. ಇವರು ಒಪ್ಪಲಿಲ್ಲ. ಇಷ್ಟು ದೊಡ್ಡ ಉಸ್ತಾದ ಸುಮ್ಮನೆ ಹಾಕುತ್ತಾನೆಯೇ, ಅದರಲ್ಲೇ ಏನೋ ಗುಟ್ಟು ಇದೆ ಎಂದು ಆ ಚುಕ್ಕೆಯ ಮುಂದೆ ಗಂಟೆಗಟ್ಟಲೆ ಕೂತು ನೋಡುತ್ತಿದ್ದರು. ಓಣಿಯ ನೇಕಾರರೂ ಬಂದು ನೋಡಿ “ಹೌದ್ಹೌದು” ಎಂದು ತಲೆ ಆಡಿಸಿ ಹೋದರು.

ಹೀಗೆ ನೇಯ್ದು ನೇಯ್ದು ಸೆರಗಿನ ತುದಿ ಮುಟ್ಟುವ ಹೊತ್ತಿಗೆ ಕಾರ್ಡೂ ಮುಗಿದವು, ಮದುವೆಯೂ ಎದುರಿಗೆ ಬಂದು ನಿಂತಿತು, ಇವರೂ ಕೈ ಕಟ್ಟಿ ಕೂತರು. ಸೋಮವಾರ ಇಡೀ ಜಗಳವಾಡಿದೆ. ಕಡೆಗೆ ಮೆಹಬೂಬಬೀ ಬಂದಳು. “ಅಬ್ಬಾ ಹೇಳಿದ್ದು ಖರೆ ಐತಿ ಅಮ್ಮಾ. ಕೇಳದ ಕೊಯ್ದಿದ್ದು ನಾ ಉಡಾಂಗಿಲ್ಲ. ಅಂಗಡಿದೂ ಉಡಾಂಗಿಲ್ಲ,” ಅಂದಳು. ಅಪ್ಪನಿಗೆ ತಕ್ಕ ಮಗಳು. ಇಬ್ಬರ ನಡುವೆ ನಾನು ಹಣೆ ಹಣೆ ಚಚ್ಚಿಕೊಂಡೆ.

ಮಂಗಳವಾರ ಮೊದಲ ಬಸ್ಸಿಗೆ ಇಬ್ಬರೂ ಗಂಗಾವತಿಗೆ ಹೊರಟೆವು. ಇವರೊಬ್ಬರನ್ನೇ ಕಳಿಸಿದರೆ ಯಾವುದಾದರೂ ಕಟ್ಟೆಯ ಮೇಲೆ ಕೂತು ಆಕಾಶ ನೋಡಿಕೊಂಡು ಬಂದಾರು ಎಂದು ನಾನೂ ಹೊರಟೆ. ಮಕ್ಬುಲಸಾಬರು ನೆನಪು ಮಾಡಿಕೊಂಡು ಆಫೀಸಿನ ದಾರಿ ಹೇಳಿದರು. ಕಾಲುವೆಯ ಆಚೆ, ಬೇವಿನ ಮರದ ಕೆಳಗೆ ಸಣ್ಣ ಕಟ್ಟಡ. ಮಗ್ಗದ ಸದ್ದು ಕೇಳುತ್ತದೆಯೇ ಎಂದು ಇವರು ಹೊರಗೇ ನಿಂತು ಕಿವಿ ಕೊಟ್ಟರು. ಏನೂ ಇಲ್ಲ.

ಒಳಗೆ ತಿರುಪತಿ ಎಂಬ ಮನುಷ್ಯ ಒಬ್ಬನೇ ಕೂತಿದ್ದ. ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದ ಮನೆತನದವನು, ನಡುವಯಸ್ಸು, ಮೂಗಿನ ತುದಿಗೆ ಚಾಳೀಸು. ಅವನ ಹಿಂದೆ ಬಟ್ಟೆ ಹೊದಿಸಿದ ಒಂದು ಯಂತ್ರ. ಇವರು ಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟು, ಎರಡೂ ಕೈ ಎದೆಗೆ ಹಿಡಿದು ಕೇಳಿದರು: “ಈ ನಕ್ಷಾ ಕಟ್ಟಿದ ಉಸ್ತಾದರು ಯಾರ್ರಿ?”

ತಿರುಪತಿ ಕಟ್ಟಿನ ಪಕ್ಕೆಯ ಕೆಂಪು ಗೆರೆಯನ್ನು ನೋಡಿದ. ಅದರ ಮೇಲೆ ಬೆರಳು ಎಳೆದ.

“ಈ ಗೆರಿ ಎಳದವ ನಾನಾ,” ಅಂದ. “ತೂತು ಹೊಡದವನೂ ನಾನಾ. ಈ ಮಿಷನ್ ಮ್ಯಾಲ. ಆದ್ರ ನಕ್ಷಾ ಯಾವುದು?”

ಇವರು ಅವನ ಕಾಲು ಮುಟ್ಟಲು ಬಗ್ಗಿಯೇಬಿಟ್ಟರು. ಅವನು ಕುರ್ಚಿ ಕೆಡವಿಕೊಂಡು ಎದ್ದ. “ಅಯ್ಯಯ್ಯೋ, ಏನ್ ಮಾಡ್ತೀರಿ ಸಾಬ್ರ! ಅಮ್ಮಾ, ನೀವರ ಹೇಳ್ರಿ!” ನಾನು ಹೇಳಿದೆ. ಕಾರ್ಡು ಒಯ್ದದ್ದು, ನಕಲು ಮಾಡಿದ್ದು, ನೇಯ್ದದ್ದು, ಶುಕ್ರವಾರ ನಿಕಾಹ್, ಇವರು ಕೊಯ್ಯಲೊಲ್ಲದ್ದು, ಎಲ್ಲ ಒಂದೇ ಉಸಿರಿಗೆ. ಅವನು ಬಾಯಿ ತೆರೆದುಕೊಂಡು ಕೇಳಿದ.

“ನೇಯ್ದೀರಿ?” ಅಂದ. “ಈ ಕಾರ್ಡು ನೇಯ್ದೀರಿ? ಇವು ಕಂಪ್ಯೂಟರಿಗೆ ತಿನಸೂ ಕಾರ್ಡು ಅಮ್ಮಾ! ಕಂಪ್ಯೂಟರ್ ಇಲ್ಲಿಲ್ಲ, ಹೈದರಾಬಾದಿಗೆ ಕಳಸ್ತಿದ್ವಿ. ನಾನೂ ಅದನ್ನ ಕಣ್ಣಿಲೆ ನೋಡಿಲ್ಲ. ಈಗ ಎಲ್ಲಾ ಟೇಪಿನಾಗ ಬಂತು ಅಂತ ಇವನ್ನ ರದ್ದಿಗೆ ಹಾಕಿದ್ವಿ. ಇದನ್ನ ನೇಯಾಕ ಹೆಂಗ ಬರ್ತೈತಿ?”

“ಬರ್ರಿ, ತೋರಸ್ತೀವಿ,” ಅಂದರು ಇವರು.

ಅವನು ಆಫೀಸಿಗೆ ಬೀಗ ಹಾಕಿಕೊಂಡು ನಮ್ಮ ಜೊತೆಯೇ ಬಸ್ಸು ಹತ್ತಿದ. ಸರಕಾರದ ಕಾಗದ ನೇಯ್ದಿದ್ದೇವೆ, ಏನು ಗತಿಯೋ ಎಂಬ ಅಂಜಿಕೆ ನನಗೆ ಒಂದು ಕಡೆ. ಈ ಮನುಷ್ಯ ಅಂಗೈ ಇಟ್ಟು “ಕೊಯ್ಯಿ” ಅಂದುಬಿಟ್ಟರೆ ಸಂಜೆಯೊಳಗೆ ಸೀರೆ ಕೈಗೆ ಬರುತ್ತದೆ ಎಂಬ ಆಸೆ ಇನ್ನೊಂದು ಕಡೆ. ಸಕ್ಕರೆ ಮನೆಯಲ್ಲಿ ಇತ್ತು.

ಮಗ್ಗದ ಮನೆಯ ಕಿಟಕಿ ತೆರೆದು, ಸುತ್ತಿಕೊಂಡಿದ್ದ ಸೀರೆಯನ್ನು ಮಗ್ಗದ ಸುರುಳಿಯಿಂದ ಬಿಚ್ಚಿ, ನಾನು ಮತ್ತು ಮೆಹಬೂಬಬೀ ಎರಡೂ ಕಡೆ ಹಿಡಿದು ನಿಂತೆವು. ತಿರುಪತಿ ಚಾಳೀಸು ಒರೆಸಿಕೊಂಡು ಬಗ್ಗಿದ. ಮೊದಲು ಅವನಿಗೆ ಏನೂ ತಿಳಿಯಲಿಲ್ಲ. ಆಮೇಲೆ ಅಂಚಿನ ನೇರ ಗೆರೆಯ ಮೇಲೆ ಬೆರಳು ಇಟ್ಟ.

“ಇದು ಊರಿನ ನಂಬರು,” ಅಂದ. “ಎಲ್ಲಿ ಅಳದ್ರು ಅಂತ. ಒಂದೇ ಊರು, ಅದಕ್ಕ ಬದಲಾಗಂಗಿಲ್ಲ.” ಓರೆಗೆರೆಗೆ ಬಂದ. “ಇದು ತಾರೀಖು. ಒಂದು ಕಾರ್ಡು ಅಂದ್ರ ಒಂದು ದಿನ.” ಮೂರನೆಯದರ ಮೇಲೆ ಅವನ ಬೆರಳು ಹೋಗಿ ನಿಂತಿತು. ಸರಿಯಿತು. ಬಲಕ್ಕೆ ಹೋಯಿತು, ತಡವರಿಸಿತು, ಇಳಿಯಿತು.

“ಇದು ನೀರು,” ಅಂದ. “ಹೊಳಿ ನೀರು. ದಿನಾ ಮುಂಜಾನಿ ಎಷ್ಟು ಎತ್ತರ ಐತಿ ಅಂತ. ಇದು ಮಳಿಗಾಲ, ಏರಾಕತ್ತೈತಿ ನೋಡ್ರಿ. ಇದು ಬ್ಯಾಸಿಗಿ. ಈ ಎಳ್ಳಿನಂಗ ಇರೂದು ಅದರ ಚಿಲ್ಲರಿ ಅಂಕಿ. ಇಲ್ನೋಡ್ರಿ, ಈ ವರ್ಷ ಏರಲೇ ಇಲ್ಲ, ಮಳಿ ಹೋಗಿತ್ತು. ಇದರ ಮರು ವರ್ಷ... ಅಪ್ಪಾ, ಎಷ್ಟು ಏರೈತಿ! ಇಷ್ಟು ದಿನ ಕುಟ್ಟಿ ಕುಟ್ಟಿ ಕಳಸೀನಿ, ಅಂಕಿ ಬಿಟ್ರ ಏನೂ ನೋಡಿಲ್ಲ ನಾನು. ಇದು ಹಿಂಗ ಇತ್ತಾ?”

ನನ್ನ ಕೈಯಲ್ಲಿದ್ದದ್ದು ಮಗಳ ಸೀರೆ. ಅದರ ಉದ್ದಕ್ಕೂ ತುಂಗಭದ್ರೆ ಹರಿದಿದ್ದಳು, ಏರಿದ್ದಳು, ಒಣಗಿದ್ದಳು, ಮತ್ತೆ ಏರಿದ್ದಳು. ನನಗೆ ಕೈ ಬಿಟ್ಟುಬಿಡಬೇಕೆನ್ನಿಸಿತು, ಬಿಡಲು ಹೆದರಿಕೆಯೂ ಆಯಿತು.

ಇವರು ಮಾತ್ರ ಆ ದೂರ ಕೂತ ಚುಕ್ಕೆಯನ್ನು ತೋರಿಸಿ ಮೆಲ್ಲಗೆ ಕೇಳಿದರು: “ಇದರ ಗುಟ್ಟೇನ್ರಿ?”

ತಿರುಪತಿ ಬಗ್ಗಿ ನೋಡಿದ, ತಾರೀಖಿನ ಗೆರೆ ಹಿಡಿದು ಲೆಕ್ಕ ಹಾಕಿದ, ನಾಚಿಕೊಂಡ. “ಗುಟ್ಟಿಲ್ಲ ಸಾಬ್ರ, ತಪ್ಪು. ಅವತ್ತು ನನಗ ಮಗಳು ಹುಟ್ಟಿದ್ಳು. ಸುದ್ದಿ ಬಂತು, ಕೈ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. ಗಂಟೆಗಟ್ಟಲೆ ಆ ಚುಕ್ಕೆಯ ಮುಂದೆ ಧ್ಯಾನ ಮಾಡಿದ್ದರಲ್ಲ ಇವರು! ಮೆಹಬೂಬಬೀಯೂ ನಕ್ಕಳು, ತಿರುಪತಿಯೂ ನಕ್ಕ. ಇವರು ನಗಲಿಲ್ಲ. “ಮಗಳು ಹುಟ್ಟಿದ ದಿನ. ಹಂಗಾದ್ರ ಇರಲಿ, ಛಲೋ ಆತು,” ಅಂದರು.

ನಾನು ಓಡಿಹೋಗಿ ಸಕ್ಕರೆ ಡಬ್ಬಿ ತಂದೆ. “ತಿರುಪತಿಯವರ, ಕೈ ಇಡ್ರಿ, ಕೊಯ್ಯಿ ಅನ್ರಿ. ಮುಗದ ಹೋಗಲಿ.”

ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. “ನನ್ನಿಂದ ಆಗಂಗಿಲ್ಲ ಅಮ್ಮಾ. ನಾನು ಕುಟ್ಟಾವ ಅಷ್ಟ. ಆನೆಗೊಂದಿ ಘಾಟಿನ ಮ್ಯಾಲ ಪಕೀರಪ್ಪ ಅಂತ ಅದಾನ, ಅವ ದಿನಾ ಮುಂಜಾನಿ ನೀರು ನೋಡಿ ಹೇಳ್ತಾನ. ಅವ ಹೇಳಿದ್ದು ನಾ ಹೊಡೀತಿದ್ದೆ.”

“ಪಕೀರಪ್ಪಗ ಯಾರು ಹೇಳ್ತಾರ?” ಅಂದರು ಇವರು.

ತಿರುಪತಿ ನಕ್ಕ. ಆಮೇಲೆ ನಗು ನಿಲ್ಲಿಸಿದ. “ಅವಗ... ಹೊಳಿನ ಹೇಳ್ತೈತಿ,” ಅಂದ.

ಇವರು ತಲೆ ಆಡಿಸಿದರು. ಆ ತಲೆ ಆಡಿಸಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಬುಧವಾರವೂ ನಮ್ಮ ಮನೆಯಲ್ಲಿ ಮದುವೆಯ ಅಡುಗೆ ಸಾಮಾನು ಬೀಸುವವರು ಇಲ್ಲ ಎಂದು.

ಬುಧವಾರ ನಸುಕಿಗೇ ಹೊರಟು, ಬಸ್ಸು ಇಳಿದು, ಭತ್ತದ ಗದ್ದೆಗಳ ನಡುವೆ ಒಂದು ಟಾಂಗಾ ಹಿಡಿದು ಘಾಟಿಗೆ ಬಂದೆವು. ದಾರಿಯಲ್ಲಿ ನಾನು ಬೈಯುತ್ತಲೇ ಇದ್ದೆ. ಹೊಳೆಗೆ ಹೋಗಿ ಹುಕುಂ ಕೇಳುವವರನ್ನು ಜನ ಹುಚ್ಚಾಸ್ಪತ್ರೆಗೆ ಹಾಕುತ್ತಾರೆ, ನಾಡಿದ್ದು ಬೀಗರು ಬಂದರೆ ಏನು ಹೇಳಲಿ, ಹುಡುಗಿಯ ಅಪ್ಪ ಹೊಳೆಗೆ ಸಲಾಂ ಮಾಡಲು ಹೋಗಿದ್ದರು ಅನ್ನಲೇ? ಟಾಂಗಾದವನು ಹಿಂತಿರುಗಿ ಹಿಂತಿರುಗಿ ನೋಡಿದ.

ಬಂಡೆ ದಾಟಿ ಹೊಳೆ ಕಂಡಾಗ ಬಾಯಿ ತಾನಾಗಿಯೇ ಮುಚ್ಚಿತು.

ನಾನು ಹೊಳೆ ನೋಡದವಳಲ್ಲ. ಆದರೆ ಅವತ್ತು ನೋಡಿದಂತೆ ಎಂದೂ ನೋಡಿರಲಿಲ್ಲ. ಕೆಂಪು ನೀರು, ದಡದಿಂದ ದಡಕ್ಕೆ, ಸದ್ದಿಲ್ಲದೆ ಬರುತ್ತಿತ್ತು. ದೊಡ್ಡ ದೊಡ್ಡ ಬಂಡೆಗಳು ಕುತ್ತಿಗೆಯವರೆಗೆ ಮುಳುಗಿದ್ದವು. ಮೆಟ್ಟಿಲ ಹತ್ತಿರ ಬಿಳಿ-ಕಪ್ಪು ಬಣ್ಣದ ಒಂದು ಅಳತೆ ಕಂಬ ನೀರಿನಲ್ಲಿ ನಿಂತಿತ್ತು. ನೀರು ಅದಕ್ಕೆ ತಾಗಿ ಸ್ವಲ್ಪ ಏರುವುದು, ಸ್ವಲ್ಪ ಇಳಿಯುವುದು. ಆ ಏರಿಳಿತ ನನಗೆ ಗುರುತು ಸಿಕ್ಕಿತು. ಆ ತಡವರಿಸುವಿಕೆ, ಹಿಂದೆ ಬಂದಂತೆ ಮಾಡಿ ಮುಂದೆ ಹೋಗುವುದು. ನಾನು ಇಡೀ ಚಳಿಗಾಲ ರೊಟ್ಟಿ ಬಡಿಯುತ್ತ, ಆಕಳಿಸುತ್ತ, ಶಾಪ ಹಾಕುತ್ತ ಕೂಗಿದ ಒಂದೊಂದು ಅಂಕಿಯೂ ಇದೇ ನೀರು. ಮೂರು ಅಂದದ್ದು ಒಂದು ಬೇಸಿಗೆಯ ಮುಂಜಾನೆ. ಒಂಬತ್ತು ಅಂದದ್ದು ಒಂದು ಮಹಾಪೂರ. ನನ್ನ ಬಾಯಿಂದಲೇ ಈ ಹೊಳೆ ದಿನದಿನವೂ ಹಾದುಹೋಗಿತ್ತು, ನನಗೆ ತಿಳಿದಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ತಲೆಯ ಮೇಲೆ ಸೆರಗು ಎಳೆದುಕೊಂಡೆ.

ಪಕೀರಪ್ಪ ಹರಕು ಛತ್ರಿ ಹಿಡಿದು ಬಂದ. ಒಣಕಲು ಮುದುಕ. ನಮ್ಮನ್ನು ನೋಡಿ “ತೆಪ್ಪ ಇವತ್ತು ಇಲ್ಲರಿ ಸಾಬ್ರ, ನೀರು ಭಾಳ ಐತಿ,” ಅಂದ. ಇವರು ದಾಟಲು ಬಂದಿಲ್ಲ ಅಂದರು. ಚಪ್ಪಲಿ ಬಿಟ್ಟರು, ಮೆಟ್ಟಿಲು ಇಳಿದು ಮೊಣಕಾಲುದ್ದ ನೀರಿನಲ್ಲಿ ನಿಂತರು. ಪಕೀರಪ್ಪ “ಏ, ಏ, ಜಾರ್ತೈತಿ” ಎಂದು ಕೂಗಿದ. ಇವರು ಬಲಗೈಯನ್ನು ಹಣೆಗೆ ಮುಟ್ಟಿಸಿ ಸಲಾಂ ಮಾಡಿದರು. ಆಮೇಲೆ ಆ ಕೈಯ ಅಂಗೈಯನ್ನು ನೀರಿನ ಮೇಲೆ ಇಟ್ಟರು.

“ನೀವು ಕಟ್ಟಿದ್ದು ನಾನು ನೇಯ್ದೀನಿ,” ಅಂದರು. ಜೋರಾಗಿ ಅಲ್ಲ, ಎದುರಿಗೆ ಇದ್ದವರೊಡನೆ ಮಾತಾಡಿದಂತೆ. “ತಿಳೀದ ನೇಯ್ದೀನಿ. ನನ್ನ ಮಗಳು ಉಡ್ತಾಳ. ಹುಕುಂ ಕೊಡ್ರಿ.”

ನೀರು ಹರಿಯಿತು. ಏನಾಗಬೇಕಿತ್ತು? ಏನೂ ಆಗಲಿಲ್ಲ. ಒಂದು ಕೊಕ್ಕರೆ ಎದ್ದು ಆಚೆ ದಡಕ್ಕೆ ಹೋಯಿತು. ನಗಬೇಕೆಂದು ಬಂದ ನಾನು ಇವರ ಬೆನ್ನನ್ನೇ ನೋಡುತ್ತ, ಯಾ ಅಲ್ಲಾ, ಏನಾದರೂ ಒಂದು ಅನ್ನಿಸು, ಈ ಮನುಷ್ಯ ಬರಿಗೈಯಲ್ಲಿ ವಾಪಸು ಬಾರದಿರಲಿ ಎಂದು ಬೇಡಿಕೊಂಡೆ.

ಪಕೀರಪ್ಪ ಏನೂ ತಿಳಿಯದೆ ತಲೆ ಕೆರೆದುಕೊಂಡ. ಅವನಿಗೆ ಹೊತ್ತಾಗಿತ್ತು. ಕಂಬದ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಮೇಲೆ ಹೋಗಿ ಬರೆಯುವುದರೊಳಗೆ ಮರೆಯಬಾರದು ಎಂದು ದಿನವೂ ಮಾಡುವಂತೆ ಗಟ್ಟಿಯಾಗಿ ಕೂಗಿದ: “ಎಂಟು! ನಾಕು!”

ಇವರು ತಟ್ಟನೆ ತಿರುಗಿದರು. ಮುಖ ನೋಡಬೇಕಿತ್ತು ನೀವು. “ಕೇಳಿದೇನ ಶಾಜಾದಿ?” ಅಂದರು. “ಇವತ್ತಿಂದು ಕೊಟ್ಟಿತು. ಇದ ಹುಕುಂ.”

“ಕೇಳಿದೆ,” ಅಂದೆ. ನನ್ನ ಕೆನ್ನೆ ಒದ್ದೆಯಾಗಿತ್ತು. ಸಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ, ಇವರಿಗೂ ಹೇಳಿರಲಿಲ್ಲ. ಗಂಟು ಬಿಚ್ಚಿ ನಾನೇ ಇಳಿದು ಹೊಳೆಗೆ ಹಾಕಿದೆ. ಉಳಿದಿದ್ದನ್ನು ಪಕೀರಪ್ಪನ ಕೈಗೆ ಹಾಕಿದೆ. ಅವನು ಯಾಕೆ ಎಂದು ಕೇಳದೆ ಬಾಯಿಗೆ ಹಾಕಿಕೊಂಡ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಇವರು ಕೈಕಾಲು ತೊಳೆದು ಒಂದೇ ಒಂದು ಪಟ್ಟಿ ಎದುರಿಗೆ ಇಟ್ಟುಕೊಂಡರು. ಊರಿನ ನಂಬರಿಗೆ ಒಂದು ತೂತು, ಆ ನೇರ ಗೆರೆಯ ಜಾಗದಲ್ಲಿ. ತಾರೀಖಿಗೆ ಒಂದು. ನಾನು ಎಂದಿನಂತೆ ಎದುರಿಗೆ ಕೂತು ಕೂಗಿದೆ: “ಮೂರನೇದು ಎಂಟು. ನಾಕನೇದು ನಾಕು.” ಈ ಸಲ ಕೂಗುವಾಗ ನೀರು ಕಣ್ಣ ಮುಂದೆ ಇತ್ತು.

ಹಳೆಯ ಕಾರ್ಡುಗಳು ಮುಗಿದ ದಿನಕ್ಕೂ ಇವತ್ತಿಗೂ ನಡುವೆ ಎಷ್ಟೋ ವರ್ಷ ಬಿಟ್ಟುಹೋಗಿದ್ದವು. ಅಲ್ಲಿ ಏನು ಮಾಡುತ್ತಾರೆ ಎಂದು ನೋಡಿದೆ. ಒಂದು ಬೆರಳಗಲ ಬರೀ ಕೆಂಪು ನೇಯ್ದರು, ನಕ್ಷೆ ಇಲ್ಲದೆ. “ನಮಗ ಗೊತ್ತಿಲ್ಲದ್ದು ಇದು,” ಅಂದರು. ಆಮೇಲೆ ಆ ಪಟ್ಟಿ ತೊಡಿಸಿ ಲಾಳಿ ಹೊಡೆದರು. ಕೆಂಪಿನ ಮೇಲೆ ನಾಲ್ಕು ಬಿಳಿ ಚುಕ್ಕೆ ಎದ್ದವು. ಮೂರನೆಯದು ಬಲ ತುದಿಯ ಸಮೀಪ, ತುಂಬಿದ ಹೊಳೆ.

ಓಣಿಯವರು ಬಾಗಿಲಲ್ಲಿ ತುಂಬಿದ್ದರು. ಯಾರೋ ಅಡ್ಡ ಮಾತಾಡಿದರು, ಯಾರೋ ಅವರನ್ನು ಸುಮ್ಮನಿರಿಸಿದರು. ಇವರು ಕತ್ತರಿ ಕೈಗೆ ತೆಗೆದುಕೊಂಡರು. ಮೆಹಬೂಬಬೀ ಮಗ್ಗದ ಮೇಲೆ ಬಗ್ಗಿ, ಇನ್ನೂ ಬಿಗಿಯಾಗಿದ್ದ ಬಟ್ಟೆಯ ಮೇಲೆ, ಆ ಕೊನೆಯ ಚುಕ್ಕೆಗಳ ಮೇಲೆ ಬೆರಳು ಆಡಿಸಿದಳು.

“ಇದು ಇವತ್ತಿನ ನೀರೇನು ಅಬ್ಬಾ?”

“ಹೌದವ್ವ.”

ಬೆರಳು ಮುಂದಕ್ಕೆ ಸರಿಯಿತು, ನೇಯ್ಗೆ ನಿಂತು ಬರೀ ಹಾಸಿನ ಎಳೆ ಇದ್ದ ಕಡೆಗೆ. “ನಾಳಿಂದು?”

ಇವರು ಅವಳ ಮುಖ ನೋಡಿದರು. ನನ್ನ ಕಡೆ ನೋಡಿದರು. ನಾನು ಕಂಬ ಹಿಡಿದುಕೊಂಡೆ.

“ನಾಳಿಂದು ನನ್ನಿಂದ ನೇಯಾಕ ಆಗೂದಿಲ್ಲವ್ವ,” ಅಂದರು. “ಅದು ನಿಂದು.”

ಬಿಸ್ಮಿಲ್ಲಾ ಅಂದು ಕೊಯ್ದರು.